ಅಕ್ಟೋಬರ್ ಚಾಟ್ನಿಯ ಹೊತ್ತಿಗೆ ವಿಜಯಪುರದ ದ್ರಾಕ್ಷಿ ಪಡಗಳಲ್ಲಿ

ಮೊದಲ ದಿನ: ಟಿಕೋಟಾ, ಕತ್ತರಿ ಹಿಡಿಯುವ ಮೊದಲು

ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ ಟಿಕೋಟಾ ಬರುವ ಹೊತ್ತಿಗೆ ಎರಡೂ ಬದಿಗೆ ದ್ರಾಕ್ಷಿ ಪಡಗಳು ಶುರುವಾಗಿರುತ್ತವೆ. ಇಲ್ಲಿಯವರು ದ್ರಾಕ್ಷಿ ತೋಟಕ್ಕೆ ಪಡ ಎನ್ನುತ್ತಾರೆ, ಸವರುವಿಕೆಗೆ ಚಾಟ್ನಿ. ಗರಸು ಮಣ್ಣು, ಕಡಿಮೆ ಮಳೆ. ಒಂದು ಕಾಲಕ್ಕೆ ಟ್ಯಾಂಕರಿನಲ್ಲಿ ನೀರು ತಂದು ಬಳ್ಳಿ ಉಳಿಸಿಕೊಂಡ ನೆಲ ಇದು. ಈಗ ಹೊಂಡಗಳಲ್ಲಿ ನೀರು ನಿಂತಿದೆ. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ಬೆಳೆಗಾರರು ತಂಡ ಕಟ್ಟಿಕೊಂಡು ಬಂದಿರುವುದು ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ತಳಿಬಳಗದ ಚಾಟ್ನಿ ಕೈಯಾರೆ ಕಲಿಯಲು. ತಾಸ್-ಎ-ಗಣೇಶ, ಸೋನಾಕಾ, ಮಾಣಿಕ್ ಚಮನ್ ಎಲ್ಲ ಇದೇ ಬಳಗದವು. ಬಹುಪಾಲು ಬೆಳೆ ಹೋಗುವುದು ಒಣದ್ರಾಕ್ಷಿಗೆ.

ಯುರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ತಾನಾಗಿಯೇ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ಮಲಗುವಷ್ಟು ಚಳಿ ಇಲ್ಲ, ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಹಾಗಾಗಿ ಎರಡು ಸಲ ಕತ್ತರಿ, ಒಂದು ಬೆಳೆ. ಏಪ್ರಿಲ್‌ನಲ್ಲಿ ಕಡ್ಡಿ ಬೆಳೆಸಲು ಒಂದು ಚಾಟ್ನಿ, ಅಕ್ಟೋಬರ್‌ನಲ್ಲಿ ಹಣ್ಣು ಹಿಡಿಯಲು ಇನ್ನೊಂದು. ಮರಾಠಿಯ ಪ್ರಭಾವದಲ್ಲಿ ಮೊದಲನೆಯದಕ್ಕೆ ಖರಡ ಚಾಟ್ನಿ ಎಂಬ ಹೆಸರೂ ಓಡಾಡುತ್ತದೆ.

ತರಬೇತಿಗೆ ಬಂದವರೆಲ್ಲ ಮೊದಲು ಕೇಳುವುದು ಒಂದೇ: ಎಷ್ಟು ಕಣ್ಣಿಗೆ, ಅಂದರೆ ಕಡ್ಡಿಯಲ್ಲಿ ಬುಡದಿಂದ ಎಷ್ಟು ಮೊಗ್ಗು ಬಿಟ್ಟು, ಕತ್ತರಿಸಬೇಕು? ಪುಸ್ತಕಗಳಲ್ಲಿ ಥಾಮ್ಸನ್‌ಗೆ ಆರರಿಂದ ಎಂಟು ಎಂದಿದೆ. ಚಾಟ್ನಿ ಗ್ಯಾಂಗಿನ ಹಿರಿಯರೊಬ್ಬರು ಆ ಪ್ರಶ್ನೆಗೆ ನಕ್ಕರು. "ಎಲ್ಲಾ ಕಡ್ಡಿಗೂ ಏಳ ಕಣ್ಣ ಅಂದ್ರ ಹೆಂಗ್ರೀ ಅಣ್ಣಾರ? ಹೋದ ಏಪ್ರಿಲ್‌ದಾಗ ಪಡ ಹೆಂಗಿತ್ತು, ಅದನ್ನ ಮೊದಲ ಹೇಳ್ರಿ."

ಅದನ್ನು ತಿಳಿಯುವ ದಾರಿಯೇ ಕಣ್ಣು ಪರೀಕ್ಷೆ. ಚಾಟ್ನಿಗೆ ಹತ್ತು ಹದಿನೈದು ದಿನ ಮೊದಲು ಪಡದ ಬೇರೆ ಬೇರೆ ಸಾಲುಗಳಿಂದ ಎಂಟು ಹತ್ತು ಕಡ್ಡಿ ಆರಿಸಬೇಕು. ಅಂಚಿನ ಸಾಲು ಬೇಡ, ತೀರ ದಪ್ಪ, ತೀರ ಸಣಕಲು ಕಡ್ಡಿಯೂ ಬೇಡ. ಕಡ್ಡಿಯನ್ನು ಬುಡಕ್ಕೆ ಕತ್ತರಿಸಿ, ಬುಡ ಯಾವುದೆಂದು ಗುರುತು ಮಾಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಅದೇ ದಿನ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ಬಿಸಿಲಲ್ಲಿ ಬೈಕಿನ ಸೀಟಿನ ಮೇಲೆ ಬಿಟ್ಟ ಕಡ್ಡಿಯ ಕಣ್ಣು ಒಣಗಿ ಒಳಗೆಲ್ಲ ಕಂದಾಗುತ್ತದೆ. ಆಮೇಲೆ ವರದಿಯಲ್ಲಿ ಕಣ್ಣು ಸತ್ತಿದೆ ಎಂದು ಬಂದರೆ ಪಡವನ್ನು ದೂರಿ ಪ್ರಯೋಜನವಿಲ್ಲ.

ಸೂಕ್ಷ್ಮದರ್ಶಕದ ಕೆಳಗೆ ಬ್ಲೇಡಿನಿಂದ ಕಣ್ಣಿನ ಹೊರಪೊರೆ ತೆಗೆದು ತೆಳುವಾಗಿ ಸೀಳುತ್ತ ಹೋದರೆ ಅದು ಒಂದು ಕಣ್ಣಲ್ಲ, ಮೂರು ಎಂಬುದು ಕಾಣುತ್ತದೆ. ನಡುವಿನದು ದೊಡ್ಡದು, ಅಕ್ಕಪಕ್ಕದ ಎರಡು ಚಿಕ್ಕವು. ಗೊಂಚಲು ಇರುವುದು ಹೆಚ್ಚಾಗಿ ನಡುವಿನದರಲ್ಲಿ. ಗೊಂಚಲಿನ ಮೊಳಕೆ ಅಗಲವಾಗಿ, ಮೊಂಡಾಗಿ, ಹಲವು ಹಾಲೆಗಳಾಗಿ ಒಡೆದಿರುತ್ತದೆ. ಕುಡಿಬಳ್ಳಿಯಾಗುವ ಮೊಳಕೆ ಸಪೂರ, ಎರಡಾಗಿ ಸೀಳಿರುತ್ತದೆ. ಎರಡೂ ಒಂದೇ ಮೂಲದಿಂದ ಬರುವುವು, ಯಾವುದಾಗಬೇಕೆಂಬುದು ಏಪ್ರಿಲ್ ಚಾಟ್ನಿಯಾದ 40ರಿಂದ 60 ದಿನಗಳ ನಡುವೆ ತೀರ್ಮಾನವಾಗಿಬಿಟ್ಟಿರುತ್ತದೆ. ಕೆಲವು ಕಡ್ಡಿಗಳಲ್ಲಿ ನಡುಗಣ್ಣು ಕಂದಾಗಿ ಸತ್ತು ಪಕ್ಕದವು ಮಾತ್ರ ಹಸಿರಾಗಿದ್ದವು. ಅಂಥ ಕಣ್ಣು ಹೊರಗಿನಿಂದ ನೋಡಿದರೆ ಗುಂಡಗೆ ಚೆನ್ನಾಗಿಯೇ ಕಾಣುತ್ತದೆ, ಒಡೆಯುತ್ತದೆ ಕೂಡ. ಆದರೆ ಬರುವ ಚಿಗುರು ಬರಿಗೈ.

ಹೀಗೆ ಬುಡದಿಂದ ತುದಿಯವರೆಗೆ ಎಷ್ಟನೆಯ ಕಣ್ಣಿನಲ್ಲಿ ಗೊಂಚಲು ಇದೆ ಎಂದು ಪಟ್ಟಿ ಮಾಡಿದ ಮೇಲೆ ಕತ್ತರಿ ಎಲ್ಲಿ ಬೀಳಬೇಕೆಂಬುದು ಗೊತ್ತಾಗುತ್ತದೆ. ಒಂದೇ ರೈತರ ಎರಡು ಪ್ಲಾಟಿಗೆ ಎರಡು ಉತ್ತರ ಬರುವುದೂ ಉಂಟು.

ಸಂಜೆ ಎಲೆ ಉದುರಿಸುವ ಕೆಲಸ ನೋಡಲು ಸಿಕ್ಕಿತು. ಚಾಟ್ನಿಗೆ ಎಂಟು ಹತ್ತು ದಿನವಿರುವಾಗ ಲೀಟರ್ ನೀರಿಗೆ 2ರಿಂದ 3 ಮಿಲಿ ಎಥ್ರೆಲ್, 5 ಗ್ರಾಂ 0:52:34 ಗೊಬ್ಬರ (ರಂಜಕ, ಪೊಟ್ಯಾಷ್) ಸೇರಿಸಿ ಎಲೆಗೆ ಸಿಂಪಡಿಸುತ್ತಾರೆ. ಡ್ರಿಪ್ ನೀರನ್ನೂ ಇಳಿಸುತ್ತಾರೆ. ಎಲೆ ಹಳದಿಯಾಗಿ ಮುಟ್ಟಿದರೆ ಬೀಳುತ್ತದೆ, ಅದರಲ್ಲಿದ್ದ ಆಹಾರ ಕಡ್ಡಿಗೆ ಇಳಿದಿರುತ್ತದೆ. ಕೈಯಿಂದ ಎಲೆ ಕೀಳುವವರೂ ಇದ್ದಾರೆ. ಅವಸರದಲ್ಲಿ ಕೆಳಮುಖವಾಗಿ ಎಳೆದರೆ ತೊಟ್ಟಿನ ಜೊತೆ ಕಣ್ಣೂ ಕಿತ್ತು ಬರುತ್ತದೆ. ಎಲೆ ಉದುರಿಸಿ ಹದಿನೈದು ದಿನ ದಾಟಿದರೆ ತುದಿಯ ಕಣ್ಣುಗಳು ಉಬ್ಬಿ ಒಡೆಯತೊಡಗುತ್ತವೆ. ಗ್ಯಾಂಗು ಬರುವ ದಿನ ಗಟ್ಟಿ ಮಾಡಿಕೊಂಡೇ ಎಥ್ರೆಲ್ ಡಬ್ಬಿ ತೆರೆಯುವುದು ಜಾಣತನ.

ಎರಡನೆಯ ದಿನ: ಕತ್ತರಿ

ಬೆಳಿಗ್ಗೆ ಆರೂವರೆಗೇ ಪಡದಲ್ಲಿ ಟಪ್ ಟಪ್ ಸದ್ದು. ಇದು ವೈ ಆಕಾರದ ಚಪ್ಪರ, ಸಾಲಿನಿಂದ ಸಾಲಿಗೆ 10 ಅಡಿ, ಬಳ್ಳಿಯಿಂದ ಬಳ್ಳಿಗೆ 6 ಅಡಿ, ಡಾಗ್‌ರಿಡ್ಜ್ ಬೇರಿನ ಮೇಲೆ ಕಸಿ ಕಟ್ಟಿದ್ದು. ಎಕರೆಗೆ 726 ಬಳ್ಳಿ. ಬಳ್ಳಿಗೆ 36 ಕಡ್ಡಿ ಹಿಡಿದರೂ ಎಕರೆಗೆ 26 ಸಾವಿರ ಚಿಲ್ಲರೆ ಕಡ್ಡಿ, ಪ್ರತಿಯೊಂದಕ್ಕೂ ಒಂದು ನಿರ್ಧಾರ. ಗುತ್ತಿಗೆಗೆ ಬಂದ ಗ್ಯಾಂಗು ಎಕರೆ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವುದರಿಂದ ಅವಸರ ಸಹಜ. ಮಾಲೀಕ ಮೊದಲ ಎರಡು ಸಾಲು ಜೊತೆಗೆ ನಿಂತು ತೋರಿಸದಿದ್ದರೆ ಇಡೀ ಪಡಕ್ಕೆ ಒಂದೇ ಅಳತೆ ಬೀಳುತ್ತದೆ.

ಮೊದಲ ಪಾಠ ಕತ್ತರಿ ಹಿಡಿಯುವುದು. ಕತ್ತರಿಯಲ್ಲಿ ಒಂದು ಕಡೆ ಹರಿತದ ಅಲಗು, ಇನ್ನೊಂದು ಕಡೆ ಕೊಕ್ಕೆಯಂಥ ದಪ್ಪ ದವಡೆ. ಅಲಗು ಉಳಿಯುವ ಭಾಗದ ಕಡೆಗಿರಬೇಕು, ದವಡೆ ಬೀಳುವ ತುಂಡಿನ ಕಡೆಗೆ. ತಿರುಗಿಸಿ ಹಿಡಿದರೆ ದವಡೆ ಉಳಿಯುವ ಕಡ್ಡಿಯನ್ನೇ ಜಜ್ಜುತ್ತದೆ. ಜಜ್ಜಿದ ಜಾಗ ಒಣಗಿ, ಶಿಲೀಂಧ್ರ ಒಳಗೆ ಹೊಕ್ಕು, ವರ್ಷ ಕಳೆದಂತೆ ಓಲಾಂಡೆಯೇ (ಕಡ್ಡಿ ಹೊತ್ತ ಅಡ್ಡ ತೋಳು) ಸಾಯುತ್ತದೆ. ಕಡಿತ ಕೊನೆಯ ಕಣ್ಣಿನ ಮೇಲೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಬಿಟ್ಟು, ಕಣ್ಣಿನ ಎದುರು ಬದಿಗೆ ಇಳಿಜಾರಾಗಿ ಬೀಳಬೇಕು. ಕಣ್ಣಿಗೆ ಅಂಟಿ ಕತ್ತರಿಸಿದರೆ ಕಡಿತದಿಂದ ಇಳಿಯುವ ಒಣಗು ಕಣ್ಣನ್ನೂ ಒಣಗಿಸುತ್ತದೆ. ಇಳಿಜಾರು ಕಣ್ಣಿನ ಕಡೆಗಾದರೆ ಸೋರುವ ರಸ ಅದರ ಮೇಲೆಯೇ ಹರಿದು ಕಣ್ಣು ಒಡೆಯಲೆಂದು ಮಾರನೆಯ ದಿನ ಹಚ್ಚುವ ಪೇಸ್ಟ್ ತೊಳೆದುಹೋಗುತ್ತದೆ.

ಆಮೇಲೆ ಕಡ್ಡಿ ಓದುವುದು. ಇಲ್ಲಿಯ ಪಡಗಳಲ್ಲಿ ಎರಡು ಬಗೆ ಕಾಣುತ್ತವೆ. ಏಪ್ರಿಲ್ ಚಿಗುರನ್ನು ಚಿವುಟದೆ ಬೆಳೆಸಿದ್ದರೆ ನೇರ ಕಡ್ಡಿ. ಒಂಬತ್ತು ಹತ್ತು ಎಲೆ ಬಂದಾಗ ಏಳಕ್ಕೆ ಚಿವುಟಿ, ತುದಿಯ ಪಕ್ಕಚಿಗುರನ್ನು ಮುಂದೆ ಓಡಿಸಿದ್ದರೆ ಸಬ್‌ಕೇನ್. ಚಿವುಟಿದ ಜಾಗದಲ್ಲಿ ಗಂಟು ಬಿದ್ದಿರುತ್ತದೆ. ಓಟ ನಿಂತಾಗ ಬಳ್ಳಿಯ ಆಹಾರ ಆ ಗಂಟಿನ ಆಜುಬಾಜಿನ ಕಣ್ಣುಗಳಲ್ಲಿ ಸೇರುವುದರಿಂದ ಗೊಂಚಲು ಹೆಚ್ಚಾಗಿ ಅಲ್ಲಿಯೇ. ಸಬ್‌ಕೇನ್ ಆದರೆ ಗಂಟಿನ ಆಚೆ ಒಂದೆರಡು ಕಣ್ಣು ಬಿಟ್ಟು ಕತ್ತರಿಸಿದರೆ ಸಾಕು, ಬುಡದಿಂದ ಎಣಿಸುವ ಕೆಲಸವಿಲ್ಲ. ಗಂಟಿನ ಈಚೆಗೇ ಕತ್ತರಿ ಹಾಕಿದವರು ಏಪ್ರಿಲ್‌ನಿಂದ ಪಟ್ಟ ಶ್ರಮವನ್ನು ಸಾಲಿನ ನಡುವೆ ನೆಲಕ್ಕೆ ಉದುರಿಸಿದಂತೆ. ನೇರ ಕಡ್ಡಿಯಲ್ಲಿ ಕಣ್ಣು ಪರೀಕ್ಷೆಯ ಪಟ್ಟಿಯೇ ಆಧಾರ.

ದಪ್ಪವೂ ಮಾತಾಡುತ್ತದೆ. 8ರಿಂದ 10 ಮಿಲಿಮೀಟರ್ ಕಡ್ಡಿ ಒಳ್ಳೆಯದು, ಅಂದರೆ ಹೆಚ್ಚುಕಡಿಮೆ ಪೆನ್ಸಿಲ್ಲಿಗಿಂತ ಒಂದು ಎಳೆ ದಪ್ಪ. 6 ಮಿಲಿಮೀಟರಿಗಿಂತ ಸಣ್ಣದು ಗೊಂಚಲು ಹೊರಲಾರದು. ಅಂಥವನ್ನು ಎರಡು ಕಣ್ಣಿಗೆ ಇಳಿಸಬೇಕು, ಅಥವಾ ಜಾಗ ಇಕ್ಕಟ್ಟಾಗಿದ್ದರೆ ಪೂರ್ತಿ ತೆಗೆಯಬೇಕು. ಹೆಬ್ಬೆರಳಿನಂತೆ ಉಬ್ಬಿದ ಕಡ್ಡಿ ನೋಡಿ ಮೋಸಹೋಗುವವರು ಹೆಚ್ಚು. ಅದು ಸೊಕ್ಕಿ ಬೆಳೆದದ್ದು, ಗೆಣ್ಣು ದೂರ ದೂರ, ಕಣ್ಣು ಚಪ್ಪಟೆ, ಗೊಂಚಲು ಕಡಿಮೆ. ಕತ್ತರಿಸಿದ ಮೇಲೆ ಕಡ್ಡಿಯ ನಡುವಿನ ದಿಂಡು ನೋಡುವುದು ರೂಢಿಯಾಗಬೇಕು. ದಿಂಡು ಕಂದಾಗಿದ್ದರೆ ಕಡ್ಡಿ ಮಾಗಿದೆ. ಬೆಳ್ಳಗೆ, ಹಸಿರಾಗಿ, ಒದ್ದೆಯಾಗಿದ್ದರೆ ಹಸಿ. ಅಂಥ ಕಡೆ ಇನ್ನೂ ಎರಡು ಕಣ್ಣು ಹಿಂದೆ ಬಂದು ಮತ್ತೆ ನೋಡಬೇಕು. ಪಡದ ತುಂಬ ಹಸಿ ದಿಂಡೇ ಕಂಡರೆ ಕತ್ತರಿ ನಿಲ್ಲಿಸಿ ಎಂಟು ಹತ್ತು ದಿನ ಕಾಯುವುದೇ ಲೇಸು.

ಬಳ್ಳಿಯಿಂದ ಬಳ್ಳಿಗೆ ಹೋಗುವಾಗ ಕ್ರಮ ಹೀಗಿತ್ತು: ಮೊದಲು ಸತ್ತದ್ದು, ರೋಗ ಬಡಿದದ್ದು, ನೆರಳಿನಲ್ಲಿ ಸಿಕ್ಕಿಕೊಂಡದ್ದು ತೆಗೆಯುವುದು. ಆಮೇಲೆ ಓಲಾಂಡೆಯ ಉದ್ದಕ್ಕೂ ಕಡ್ಡಿ ಸಮನಾಗಿ ಹರಡಿದೆಯೇ ನೋಡಿ ಗುಂಪಾದ ಕಡೆ ಸಣಕಲನ್ನು ಕಳೆಯುವುದು. ಉಳಿದವಕ್ಕೆ ಅಳತೆಯ ಕಡಿತ. ಕೊನೆಗೆ ಕಡ್ಡಿಗಳನ್ನು ತಂತಿಗೆ ಅಡ್ಡಡ್ಡ ಬಗ್ಗಿಸಿ ಕಟ್ಟುವುದು. ಇದನ್ನು ಬಹಳ ಜನ ಬಿಡುತ್ತಾರೆ. ಕಡ್ಡಿ ನೆಟ್ಟಗೆ ನಿಂತರೆ ತುದಿಗಣ್ಣು ಮಾತ್ರ ಓಡುತ್ತದೆ, ಕೆಳಗಿನವು ಮಲಗಿಯೇ ಇರುತ್ತವೆ. ಅಡ್ಡ ಮಲಗಿಸಿದರೆ ಆ ದರ್ಬಾರು ಸಡಿಲಾಗುತ್ತದೆ.

ಒಣಗು ರೋಗ ಕಂಡ ಬಳ್ಳಿ ಮುಟ್ಟಿದ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿಯೇ ಮುಂದಿನದಕ್ಕೆ ಹೋಗಬೇಕು. ದಪ್ಪ ಓಲಾಂಡೆ ಕತ್ತರಿಸಿದ ಗಾಯಕ್ಕೆ ಬೋರ್ಡೊ ಪೇಸ್ಟ್ (ಮೈಲುತುತ್ತ, ಸುಣ್ಣದ ಲೇಪ). ಕಾಂಡದ ಸಡಿಲ ತೊಗಟೆ ಸುಲಿದರೆ ಕೆಳಗೆ ಹಿಟ್ಟು ತಿಗಣೆಯ ಗೂಡುಗಳು ಸಿಕ್ಕವು, ಅದನ್ನು ಈಗಲೇ ತೆಗೆಯದಿದ್ದರೆ ಫೆಬ್ರವರಿಯಲ್ಲಿ ಗೊಂಚಲಿನೊಳಗೆ ಸಿಗುತ್ತದೆ. ಬಿದ್ದ ಕಡ್ಡಿ, ಎಲೆ ಪಡದಲ್ಲಿ ಉಳಿಯಬಾರದು.

ಮೂರನೆಯ ದಿನ: ಪೇಸ್ಟಿಂಗ್, ಮತ್ತು ಹದಿನೈದು ದಿನ ಮುಂದಿದ್ದ ಒಂದು ಪಡ

ಕಣ್ಣು ಒಂದೇ ಸಮ ಒಡೆಯಲು ಕತ್ತರಿಸಿದ 48 ಗಂಟೆಯೊಳಗೆ ಹೈಡ್ರೋಜನ್ ಸಯನಮೈಡ್ ಹಚ್ಚಬೇಕು. ರೈತರ ಬಾಯಲ್ಲಿ ಅದು ಡಾರ್ಮೆಕ್ಸ್, ಕೆಲಸ ಪೇಸ್ಟಿಂಗ್. ಲೀಟರ್ ನೀರಿಗೆ 30ರಿಂದ 40 ಮಿಲಿ. ಬಿಸಿಲಿನ ಅಕ್ಟೋಬರ್‌ನಲ್ಲಿ, ಮಧ್ಯಮ ಕಡ್ಡಿಗೆ 30. ದಪ್ಪ ಕಡ್ಡಿಗೆ, ಚಳಿ ಬಿದ್ದ ನವೆಂಬರ್‌ಗೆ 40. ಎಲ್ಲ ಕಣ್ಣಿಗೂ ಹಚ್ಚುವುದಲ್ಲ. ತುದಿಯ ಎರಡು ಮೂರು ಕಣ್ಣಿಗೆ ಮಾತ್ರ, ಅಂದರೆ ಗೊಂಚಲು ಇದೆಯೆಂದು ಗೊತ್ತಿರುವ ಕಣ್ಣಿಗೆ. ಬುಡದವರೆಗೂ ಬಳಿದರೆ ಎಲ್ಲವೂ ಒಟ್ಟಿಗೆ ಒಡೆದು, ಬರಿ ಚಿಗುರಿನ ಪೊದೆಯಾಗಿ, ತೆಗೆಯುವ ಕೂಲಿಯೇ ಹೆಚ್ಚಾಗುತ್ತದೆ. ಎಲ್ಲಿ ಹಚ್ಚಿದೆ ಎಂದು ಕಾಣಲಿ ಎಂದು ದ್ರಾವಣಕ್ಕೆ ಬಣ್ಣ ಬೆರೆಸುತ್ತಾರೆ. ಪ್ಲಾಸ್ಟಿಕ್ ಡಬ್ಬಿಯೇ ಆಗಬೇಕು, ಲೋಹದ ಪಾತ್ರೆ ಬೇಡ.

ತರಬೇತಿಯಲ್ಲಿ ಅರ್ಧ ಗಂಟೆ ಈ ಔಷಧದ ಅಪಾಯಕ್ಕೇ ಹೋಯಿತು, ಹೋಗಬೇಕಾದದ್ದೇ. ಮೈಗೆ ತಾಗಿದರೆ ಚರ್ಮ ಸುಡುತ್ತದೆ, ಕಣ್ಣಿಗೆ ಹಾರಿದರೆ ಇನ್ನೂ ಕೆಟ್ಟದ್ದು. ರಬ್ಬರ್ ಕೈಗವಸು, ಕನ್ನಡಕ, ಉದ್ದ ತೋಳಿನ ಅಂಗಿ ಇಲ್ಲದೆ ಸಾಲಿಗೆ ಇಳಿಸಬಾರದು. ಇನ್ನೊಂದು ಸಂಗತಿ ಡಬ್ಬಿಯ ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ: ಇದು ಮೈ ಸೇರಿದವರು ಸಾರಾಯಿ ಮುಟ್ಟಿದರೆ ದೇಹಕ್ಕೆ ಅದನ್ನು ಕರಗಿಸಲು ಆಗುವುದಿಲ್ಲ. ಮುಖ ಕೆಂಪೇರಿ, ಎದೆ ಬಡಿದುಕೊಂಡು, ಉಸಿರು ಕಟ್ಟಿ ಬೀಳುತ್ತಾರೆ. ಕೆಲಸದ ಹಿಂದಿನ ದಿನದಿಂದ ಮುಂದೆ ಒಂದು ವಾರ ಕುಡಿತ ಬೇಡವೇ ಬೇಡ. ಸಂಜೆ ಕೂಲಿ ಕೊಡುವಾಗ ಇದನ್ನು ಗ್ಯಾಂಗಿಗೆ ಬಾಯಿಬಿಟ್ಟು ಹೇಳುವ ಮಾಲೀಕರು ಕಡಿಮೆ.

ಪೇಸ್ಟಿಂಗ್ ಕೆಡುವುದು ಮೂರು ಕಾರಣಕ್ಕೆ. ಹಚ್ಚಿದ ಕೆಲವೇ ಗಂಟೆಯಲ್ಲಿ ಮಳೆ ಬರುವುದು. ಹಸಿ ನೆಲದಲ್ಲಿ ಕತ್ತರಿಸಿದ್ದರಿಂದ ಕಡಿತದಲ್ಲಿ ರಸ ಸುರಿಯುತ್ತಿರುವುದು. ಮೂರನೆಯದು ತಡ: ಕಣ್ಣು ಉಬ್ಬಿ ಹಸಿರು ತುದಿ ಕಂಡ ಮೇಲೆ ಹಚ್ಚಿದರೆ ಚಿಗುರು ಸುಟ್ಟುಹೋಗುತ್ತದೆ. ಪೇಸ್ಟಿಂಗ್ ಒಣಗಿದ ಮೇಲೆ ಕಾಂಡ, ಓಲಾಂಡೆ ತೊಯ್ಯುವಂತೆ ಶೇಕಡಾ 1ರ ಬೋರ್ಡೊ ಸಿಂಪಡಣೆ: ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಹೊಳಪಿನ ಕಬ್ಬಿಣದ ಚಾಕು ಅದ್ದಿ ನೋಡಿದಾಗ ಕೆಂಪು ಕಲೆ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು.

ಮಧ್ಯಾಹ್ನ ಕಂಡ ಪಡದಲ್ಲಿ ಸೆಪ್ಟೆಂಬರ್ ಕೊನೆಗೇ ಚಾಟ್ನಿ ಮುಗಿದಿತ್ತು. ಮುಂಚೆ ಕತ್ತರಿಸಿದರೆ ಮುಂಚೆ ಪೇಟೆ, ಒಳ್ಳೆಯ ದರ. ಆದರೆ ಹಿಂಗಾರು ಮಳೆಯ ಬಾಯಿಗೆ ಎಳೆ ಚಿಗುರು ಕೊಟ್ಟಂತೆ. ಮೂರರಿಂದ ಐದು ಎಲೆಯ ಹಂತ ಡೌನಿ ಎಂಬ ಬೂಷ್ಟು ರೋಗಕ್ಕೆ ಹೇಳಿ ಮಾಡಿಸಿದ ಹೊತ್ತು. ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಮಚ್ಚೆ, ಅಡಿಯಲ್ಲಿ ಬಿಳಿ ಬೂಷ್ಟು. ಗೊಂಚಲಿಗೆ ಹತ್ತಿದರೆ ಅದು ಬಾಗಿ, ಕಂದಾಗಿ, ಮೂರು ನಾಲ್ಕು ದಿನದಲ್ಲಿ ಒಣಗುತ್ತದೆ, ಮತ್ತೆ ಆ ವರ್ಷಕ್ಕೆ ಬೇರೆ ಗೊಂಚಲಿಲ್ಲ. ಇಲ್ಲಿ ಔಷಧ ಮಳೆಗಿಂತ ಮೊದಲು ಎಲೆಯ ಮೇಲೆ ಇರಬೇಕು, ಮಳೆಯಾದ ಮೇಲೆ ಪಂಪು ಹುಡುಕಿದರೆ ತಡವಾಯಿತು. ನವೆಂಬರ್‌ಗೆ ತಳ್ಳಿದವರಿಗೆ ಡೌನಿ ಕಾಟ ಕಡಿಮೆ, ಆದರೆ ಚಳಿಗೆ ಕಣ್ಣು ಒಂದೇ ಸಮ ಒಡೆಯುವುದಿಲ್ಲ, ಕಾಯಿ ದಪ್ಪವಾಗುವುದೂ ನಿಧಾನ.

ಅದೇ ಪಡದ ಎರಡು ಸಾಲು ತೋರಿಸಲೆಂದೇ ಹಾಗೆ ಬಿಟ್ಟಿದ್ದರು. ಒಂದರಲ್ಲಿ ಪ್ರತಿ ಕಡ್ಡಿಯ ತುದಿಯಲ್ಲಿ ಎರಡು ಚಿಗುರು, ಎರಡರಲ್ಲೂ ಗೊಂಚಲು. ಪಕ್ಕದ್ದರಲ್ಲಿ ಚಿಗುರು ಇನ್ನೂ ಹುಲುಸು, ಗೊಂಚಲಿನ ಜಾಗದಲ್ಲಿ ಕುಡಿಬಳ್ಳಿ. ಎರಡನೆಯ ಸಾಲು ಮೇ ತಿಂಗಳಲ್ಲಿ ಚಿಗುರು ಬಿಡಿಸದೆ ದಟ್ಟವಾಗಿದ್ದ ಸಾಲು. ಕತ್ತರಿ ಹಿಡಿದ ಕೈ ಎರಡಕ್ಕೂ ಒಂದೇ.

ಗೊಂಚಲು ಕಣ್ಣಿಗೆ ಬಿದ್ದ ಮೇಲೆ, ಐದು ಎಲೆಯ ಹೊತ್ತಿಗೆ, ಬರಿ ಚಿಗುರು ತೆಗೆದುಹಾಕಬೇಕು. ಅದಕ್ಕೂ ಮೊದಲು ತೆಗೆದರೆ ಯಾವುದು ಬರಿ, ಯಾವುದು ಬಸಿರು ತಿಳಿಯುವುದಿಲ್ಲ. ಬಳ್ಳಿಗೆ 40 ಗೊಂಚಲು, ಗೊಂಚಲಿಗೆ 300 ಗ್ರಾಂ ಹಿಡಿದರೆ 12 ಕಿಲೋ, ಎಕರೆಗೆ 8.7 ಟನ್. ನಾಲ್ಕು ಕಿಲೋಗೆ ಒಂದು ಕಿಲೋ ಒಣದ್ರಾಕ್ಷಿ ಲೆಕ್ಕದಲ್ಲಿ ಎರಡು ಟನ್ ಮೇಲೆ. ಇದಕ್ಕಿಂತ ಹೆಚ್ಚು ಹೊರಿಸಿದರೆ ಸಕ್ಕರೆ ಏರುವುದಿಲ್ಲ. 22 ಬ್ರಿಕ್ಸ್ ದಾಟದ ಹಣ್ಣು ಶೆಡ್ಡಿನ ಬಲೆಯ ಮೇಲೆ ಒಣಗುವಾಗ ತೂಕದಲ್ಲಿ ಸೋಲುತ್ತದೆ.

ನಾಲ್ಕನೆಯ ದಿನ: ಬಬಲೇಶ್ವರ, ಏಪ್ರಿಲ್ ಚಾಟ್ನಿಯ ಪಾಠ

ಅಕ್ಟೋಬರ್‌ನಲ್ಲಿ ಏಪ್ರಿಲ್ ಚಾಟ್ನಿ ಕಲಿಸುವುದು ವಿಚಿತ್ರ ಅನ್ನಿಸಬಹುದು. ಆದರೆ ಕಡ್ಡಿ ಪೂರ್ತಿ ಬೆಳೆದು ನಿಂತಿರುವಾಗಲೇ ಅದರ ಬುಡದ ಕಥೆ ಚೆನ್ನಾಗಿ ಕಾಣುವುದು. ಒಂದು ಬಳ್ಳಿಯನ್ನು ಪಾಠಕ್ಕೆಂದು ಬಲಿಕೊಟ್ಟು ಓಲಾಂಡೆಯವರೆಗೆ ಕತ್ತರಿಸಿ ತೋರಿಸಿದರು.

ಹಣ್ಣು ಕಿತ್ತ ಮೇಲೆ ಬಳ್ಳಿಗೆ ಮೂರು ವಾರವಾದರೂ ವಿಶ್ರಾಂತಿ ಬೇಕು. ಆಮೇಲೆ ಎಲ್ಲ ಕಡ್ಡಿಯನ್ನೂ ಬುಡದಲ್ಲಿ ಒಂದು ಕಣ್ಣು ಬಿಟ್ಟು ಕತ್ತರಿಸುವುದು. ಎರಡು ಮೂರು ಕಣ್ಣು ಬಿಟ್ಟರೆ ವರ್ಷ ವರ್ಷ ಆ ಮೊಟಕು ಉದ್ದವಾಗುತ್ತ, ಫಲದ ಕಡ್ಡಿ ಓಲಾಂಡೆಯಿಂದ ದೂರ ಸರಿಯುತ್ತದೆ. 40 ಡಿಗ್ರಿಯ ಬಿಸಿಲಿನಲ್ಲಿ ಕಣ್ಣು ಒಣಗುವ ಭಯವಿರುವುದರಿಂದ ಸಂಜೆ ಓಲಾಂಡೆಗೆ ನೀರು ಚಿಮುಕಿಸುತ್ತಾರೆ. ಐದು ಎಲೆಗೆ ಚಿಗುರು ಬಿಡಿಸಿ 10×6 ಅಡಿಯ ಬಳ್ಳಿಗೆ 35ರಿಂದ 40 ಉಳಿಸುವುದು. ಅದೇ ಹೊತ್ತಿಗೆ ಲಿಹೋಸಿನ್ ಲೀಟರಿಗೆ 1 ಮಿಲಿ, ಚಿಗುರಿನ ಓಟಕ್ಕೆ ಲಗಾಮು. ಮೊದಲ ತಿಂಗಳು ಸಾರಜನಕ, ಎರಡನೆಯ ತಿಂಗಳು ರಂಜಕ, ಆಮೇಲೆ ಕಡ್ಡಿ ಮಾಗಲು ಪೊಟ್ಯಾಷ್. 40ನೇ ದಿನ ಯೂರಿಯಾ ಕೊಟ್ಟು, ನೀರೂ ಜಾಸ್ತಿ ಬಿಟ್ಟರೆ ಕಣ್ಣಿನೊಳಗಿನ ಮೊಳಕೆ ಗೊಂಚಲಾಗುವ ಬದಲು ಕುಡಿಬಳ್ಳಿಯ ದಾರಿ ಹಿಡಿಯುತ್ತದೆ.

ಇಲ್ಲಿ ತಾರೀಖಿನ ಲೆಕ್ಕವೂ ಇದೆ. ಏಪ್ರಿಲ್ ಮೊದಲ ವಾರ ಕತ್ತರಿಸಿದರೆ ಗೊಂಚಲು ಕಟ್ಟುವ 40–60 ದಿನ ಮೇ ಮಧ್ಯದಿಂದ ಜೂನ್ ಮೊದಲ ವಾರಕ್ಕೆ, ಬಿಸಿಲಿರುವಾಗಲೇ ಮುಗಿಯುತ್ತದೆ. ಮೇ ತಿಂಗಳಿಗೆ ತಳ್ಳಿದರೆ ಅದು ಜೂನ್ ಕೊನೆಯ ಮೋಡಕ್ಕೆ ಸಿಕ್ಕುತ್ತದೆ. ಬೆಳಕಿಲ್ಲದ ಕಣ್ಣು ಬರಿ ಎಲೆ ಕೊಡುತ್ತದೆ, ಇಲ್ಲವೇ ಒಳಗೇ ಸಾಯುತ್ತದೆ. ದರ ಕಾಯುತ್ತ ಹಣ್ಣನ್ನು ಬಳ್ಳಿಯಲ್ಲೇ ಏಪ್ರಿಲ್‌ವರೆಗೆ ಬಿಟ್ಟವರಿಗೆ ಮುಂದಿನ ವರ್ಷದ ಹೊಡೆತ ಬೀಳುವುದು ಇದೇ ದಾರಿಯಲ್ಲಿ.

ಐದನೆಯ ದಿನ: ನಂದಿ ಬೆಟ್ಟದ ತಪ್ಪಲು

ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಕಳೆದು ಮರಳಿದ ಮೇಲೆ, ಕಲಿತದ್ದನ್ನು ಮನೆಯ ತೋಟಕ್ಕೆ ಹಚ್ಚಿ ನೋಡುವ ಕೆಲಸ. ಇಲ್ಲಿ ತಲೆಯೆತ್ತರದ ಚಪ್ಪರ, ಬೆಂಗಳೂರು ಬ್ಲೂ ಮತ್ತು ದಿಲ್‌ಖುಷ್. ಬೆಂಗಳೂರು ಬ್ಲೂ ಬೇರೆಯೇ ಜಾತಿ ಸೇರಿದ ಗಟ್ಟಿ ಬಳ್ಳಿ, ಬುಡದ ಕಣ್ಣುಗಳಲ್ಲೇ ಗೊಂಚಲು ಹಿಡಿಯುತ್ತದೆ. ಮೂರು ನಾಲ್ಕು ಕಣ್ಣಿಗೆ ಕತ್ತರಿಸಿದರೂ ಹಣ್ಣುಂಟು, ವರ್ಷಕ್ಕೆ ಎರಡು ಬೆಳೆಯೂ ಉಂಟು. ಅದಕ್ಕೆ ಸಬ್‌ಕೇನ್, ಗಂಟು ಇತ್ಯಾದಿ ವಿಜಯಪುರದ ಲೆಕ್ಕ ಹೊರಿಸುವುದು ದಂಡದ ಕೂಲಿ. ದಿಲ್‌ಖುಷ್ ಅನಾಬ್-ಎ-ಶಾಹಿಯ ಬಳಗದ್ದು, ಅದಕ್ಕೆ ಐದಾರು ಕಣ್ಣು ಬೇಕು, ಕಣ್ಣು ಪರೀಕ್ಷೆಯೂ ಉಪಯೋಗಕ್ಕೆ ಬರುತ್ತದೆ.

ಎರಡು ಕಡೆಗೂ ಸಲ್ಲುವುದು ಕತ್ತರಿಯ ಹಿಡಿತ, ಇಳಿಜಾರು ಕಡಿತ, ದಿಂಡು ನೋಡುವುದು, ಅಡ್ಡ ಕಟ್ಟುವುದು. ಚಪ್ಪರದಲ್ಲಿ ಕೈ ಮೇಲೆತ್ತಿ ಕತ್ತರಿಸುವಾಗ ಅಲಗು ತಿರುವುಮುರುವಾಗುವುದು ಇನ್ನೂ ಸುಲಭ. ಎಡಗೈಯಲ್ಲಿ ಕಡ್ಡಿ ಎಳೆದು ಕಣ್ಣಿನ ಮಟ್ಟಕ್ಕೆ ತಂದುಕೊಂಡರೆ ಕಡಿತ ಸರಿಯಾಗಿ ಬೀಳುತ್ತದೆ. ಹತ್ತು ಬಳ್ಳಿಗೆ ಪಟ್ಟಿ ಕಟ್ಟಿ, ಐದಕ್ಕೆ ಹಳೆಯ ಅಳತೆ, ಐದಕ್ಕೆ ಒಂದು ಕಣ್ಣು ಹೆಚ್ಚು ಬಿಟ್ಟಿದ್ದಾಗಿದೆ. ಹದಿನೈದನೆಯ ದಿನ ಎಷ್ಟು ಕಣ್ಣು ಒಡೆದವು, ಐದು ಎಲೆಯ ಹೊತ್ತಿಗೆ ಎಷ್ಟನೆಯ ಕಣ್ಣಿನಲ್ಲಿ ಗೊಂಚಲು ಬಂತು, ಎರಡನ್ನೂ ಆ ಪಟ್ಟಿಯ ಮೇಲೆಯೇ ಬರೆಯಬೇಕು. ಪೆನ್ನಿನ ಶಾಯಿ ಬೋರ್ಡೊ ಸಿಂಪಡಣೆಗೆ ನಿಲ್ಲುವುದಿಲ್ಲ, ಪೆನ್ಸಿಲ್ ನಿಲ್ಲುತ್ತದೆ.